ಕುಸುರೆಳ್ಳು ಕೆಂಪಾದ ವರ್ಷ

ಪರೇಲ್, ಮುಂಬಯಿ
ರವಿವಾರ, ೨೪ ಜನವರಿ ೧೯೫೪

ಪ್ರೀತಿಯ ಚನ್ನಕ್ಕನಿಗೆ,

ನಿನ್ನ ತಂಗಿ ಅಂಬವ್ವ ಮಾಡುವ ಶರಣು ಶರಣಾರ್ಥಿ. ಸಂಕ್ರಾಂತಿಗೆ ಮೊದಲೇ ನಿನಗೆ ಮುಟ್ಟಬೇಕಾಗಿದ್ದ ಪತ್ರವನ್ನು ಹಬ್ಬ ಮುಗಿದ ಮೇಲೆ ಬರೆಯಲು ಕೂತಿದ್ದೇನೆ. ಬೈಯುವುದಿದ್ದರೆ ಪೂರ್ತಿ ಓದಿ ಆಮೇಲೆ ಬೈಯಿ. ನಿನ್ನ ಎರಡೂ ಕಾರ್ಡು ಬಂದವು. ‘ಮುಂಬಯಿಯವಳಾಗಿ ಅಕ್ಕನನ್ನು ಮರೆತೆಯಾ’ ಎಂದು ಕೇಳಿದ್ದೀ. ಮರೆತಿಲ್ಲ. ‘ನಾವೆಲ್ಲ ಇಲ್ಲಿ ಕ್ಷೇಮ’ ಎಂದು ಶುರು ಮಾಡಬೇಕಲ್ಲ, ಆ ಒಂದು ಸಾಲು ಬರೆಯಲು ಮನಸ್ಸು ಒಪ್ಪಲಿಲ್ಲ. ಅದಕ್ಕೇ ಇಷ್ಟು ತಡ.

ಈ ಪತ್ರವನ್ನು ನೀನೇ ಓದು. ಕನ್ನಡಕ ಸಿಗಲಿಲ್ಲವೆಂದು ಮಗನ ಕೈಗೆ ಕೊಟ್ಟು ಪಡಸಾಲೆಯಲ್ಲಿ ಗಟ್ಟಿಯಾಗಿ ಓದಿಸಬೇಡ. ನಿನ್ನ ಕನ್ನಡಕ ಯಾವಾಗಲೂ ನಿನ್ನ ತಲೆಯ ಮೇಲೇ ಇರುತ್ತದೆ, ಮುಟ್ಟಿ ನೋಡಿಕೋ.

ಮೊದಲು ಚಳಿಯ ಸುದ್ದಿ ಹೇಳಿಬಿಡುತ್ತೇನೆ. ಮುಂಬಯಿಯ ಚಳಿ ಕಂಡರೆ ನಮ್ಮ ಗದಗಿನ ಎಮ್ಮೆ ಕೂಡ ನಕ್ಕೀತು. ಬೆಳಿಗ್ಗೆ ಮಿಲ್ಲಿನ ಹೊಗೆ ಸ್ವಲ್ಪ ಕೆಳಗಿಳಿದು ನಿಲ್ಲುತ್ತದೆ, ನಳದ ನೀರು ಕೈಗೆ ಸ್ವಲ್ಪ ತಣ್ಣಗಿರುತ್ತದೆ, ಅಷ್ಟೆ. ಇಲ್ಲಿಯ ಜನಕ್ಕೆ ಅಷ್ಟೇ ಸಾಕು, ಟ್ರಂಕಿನಲ್ಲಿದ್ದ ಸ್ವೆಟರು ಮಫ್ಲರು ಎಲ್ಲ ಹೊರಗೆ ಬರುತ್ತವೆ. ಇವರಂತೂ ದೀಪಾವಳಿಗೆ ಫೋರ್ಟಿನ ಆಫೀಸಿನಿಂದ ನಿವೃತ್ತರಾದವರು, ಈಗ ಕಿವಿ ಮುಚ್ಚುವ ಉಣ್ಣೆ ಟೊಪ್ಪಿಗೆ ಹಾಕಿಕೊಂಡು ಗ್ಯಾಲರಿಯಲ್ಲಿ ಬಿಸಿಲು ಕಾಯಿಸುತ್ತಾರೆ. ಬಿಸಿಲು ಸರಿದಂತೆ ಕುರ್ಚಿಯೂ ಸರಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯ ರಾಜೀವಿಯ ಬಾಗಿಲಿಗೆ ಬಂದು ಮುಟ್ಟುತ್ತಾರೆ. ರಾಜೀವಿ ಉಡುಪಿ ಕಡೆಯವಳು, ಗಂಡ ಕಾಂತಪ್ಪ ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ. ಅವಳು ಒಳಗಿನಿಂದಲೇ ನನ್ನನ್ನು ಕೂಗುತ್ತಾಳೆ: “ಅಂಬವ್ವಕ್ಕಾ, ನಿಮ್ಮ ಯಜಮಾನ್ರ ಕುರ್ಚಿ ಇಲ್ಲಿಗೆ ಬಂತು. ನೀವಿನ್ನು ಬಡಿಸ್ಲಿಕ್ಕೆ ಅಡ್ಡಿಯಿಲ್ಲ.”

ಮೂವತ್ತು ವರ್ಷ ಲೋಕಲಿನಲ್ಲಿ ಜೋತಾಡಿ ದುಡಿದ ಮನುಷ್ಯನಿಗೆ ಈಗ ಪುರಸೊತ್ತು ಸಿಕ್ಕಿದೆ, ಆದರೆ ತಿರುಗಾಡಲು ಮೊಣಕಾಲು ಒಪ್ಪುವುದಿಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ. ಬೆಳಿಗ್ಗೆ ಏಳುವಾಗ ನಾವಿಬ್ಬರೂ ಮಾತಾಡುವ ಮೊದಲು ನಮ್ಮ ಕೀಲುಗಳು ಮಾತಾಡುತ್ತವೆ. ಯಾರದು ಜೋರಾಗಿ ಲಟಕ್ ಅಂದಿತು ಎಂದು ಜಗಳಾಡಿ ನಗುತ್ತಿದ್ದೆವು. ಮುಪ್ಪು ಅಂದರೆ ಇಷ್ಟೇ ಎಂದುಕೊಂಡಿದ್ದೆ ಅಕ್ಕಾ. ಇಷ್ಟೇ ಆಗಿದ್ದರೆ ನಗುತ್ತಲೇ ಇದ್ದೆ.

ನಮ್ಮ ಚಾಳಿನಲ್ಲಿ ಕುಸುರೆಳ್ಳು ಎಂದರೆ ಅಂಬವ್ವ. ಮರಾಠಿ ಹೆಂಗಸರು ಕೂಡ ಹೊಸ ಸೊಸೆಯಂದಿರ, ಕೂಸುಗಳ ಸಕ್ಕರೆ ದಾಗೀನಕ್ಕೆ ನನ್ನ ಕುಸುರೆಳ್ಳೇ ಬೇಕೆಂದು ಬರುತ್ತಾರೆ. ಈ ಸಲ ಸಂಭ್ರಮ ನಮ್ಮ ಮನೆಯದೇ ಆಗಿತ್ತು. ಮೊಮ್ಮಗ ಬಸುವಿಗೆ ಇದು ಮೊದಲ ಸಂಕ್ರಾಂತಿ. ಹಬ್ಬದ ಮರುದಿನ, ಕರಿಯ ದಿನ, ಅವನಿಗೆ ಕುಸುರೆಳ್ಳಿನ ಕಿರೀಟ, ಸರ, ತೋಳಬಂದಿ ತೊಡಿಸಿ, ತಲೆಯ ಮೇಲೆ ಬೋರೆಹಣ್ಣು ಚುರುಮುರಿ ಎರೆಯುವುದಿತ್ತು. ಬೆಳಗಿನ ಚಳಿಯಲ್ಲಿ ಶೇಗಡಿಯಲ್ಲಿ ಕೆಂಡ ಮಾಡಿಕೊಂಡು, ಅದರ ಮೇಲಿನ ಅಗಲ ಪರಾತದಲ್ಲಿ ಎಳ್ಳು ಹಾಕಿ ಕೂತೆ. ಅವ್ವ ನಮಗೆ ಕಲಿಸಿದ್ದು ನಿನಗೆ ಗೊತ್ತೇ ಇದೆ: ಪಾಕ ಹನಿಸುತ್ತಾ ಬೆರಳಿನಿಂದಲೇ ಆಡಿಸಬೇಕು, ಚಮಚ ತಾಗಿಸಿದರೆ ಎಳ್ಳಿಗೆ ಸಕ್ಕರೆಯ ಮುಳ್ಳು ಏಳುವುದಿಲ್ಲ. ಕೆಂಡ ಹೆಚ್ಚಾಯಿತು ಎಂದು ಹೇಳುವುದೂ ಬೆರಳೇ. ತುದಿಗೆ ಚುರುಕ್ ಎಂದ ಕೂಡಲೇ ಕೆಂಡದ ಮೇಲೆ ಬೂದಿ ಎಳೆಯಬೇಕು.

ಈ ಸಲ ನನ್ನ ಬೆರಳು ಏನೂ ಹೇಳಲಿಲ್ಲ. ನಾನು ಕಿಟಕಿಯ ಆಚೆ ನೋಡುತ್ತಾ ಏನೋ ಗುನುಗುತ್ತಾ ಆಡಿಸುತ್ತಲೇ ಇದ್ದೆ. ಬೆಳ್ಳಗೆ ಏಳಬೇಕಾದ ಎಳ್ಳು ಹಳದಿಯಾಗಿ, ಆಮೇಲೆ ಕೆಂಪಾಯಿತು. ಸಕ್ಕರೆ ಹೊತ್ತಿದ ವಾಸನೆಗೆ ರಾಜೀವಿ ಓಡಿ ಬಂದಳು. “ಎಂತ ಅಂಬವ್ವಕ್ಕಾ, ಕರಟಿ ಹೋಯ್ತಲ್ಲ!” ಎಂದು ನನ್ನ ಕೈ ಹಿಡಿದು ಎಳೆದಳು. ಕೈಯನ್ನು ತಿರುಗಿಸಿ ನೋಡಿದಳು. ಮೂರು ಬೆರಳಿನ ತುದಿಯಲ್ಲಿ ಗುಳ್ಳೆ ಎದ್ದಿದ್ದವು. “ಇಷ್ಟು ಸುಟ್ಟದ್ದು ನಿಮ್ಗೆ ಗೊತ್ತೇ ಆಗ್ಲಿಲ್ವಾ?” ಅಂದಳು.

“ಚಳಿಗೆ ಕೈ ಜೋಮು ಹಿಡಿದಾವ ತಗೋ” ಎಂದು ನಕ್ಕೆ. ಅವಳು ನಗಲಿಲ್ಲ.

ಅಕ್ಕಾ, ಕಿರುಬೆರಳಿನಲ್ಲಿ ಜೋಮು ದಸರೆಯಿಂದಲೇ ಇತ್ತು. ನಾನು ಲಕ್ಷ್ಯ ಕೊಟ್ಟಿರಲಿಲ್ಲ. ಆ ದಿನ ಎಲ್ಲರೂ ಹೊರಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಸೂಜಿ ತೆಗೆದು ಒಂದೊಂದೇ ಬೆರಳಿಗೆ ಚುಚ್ಚಿ ನೋಡಿದೆ. ಹೆಬ್ಬೆರಳಿಗೆ ನೋವಾಯಿತು, ತೋರುಬೆರಳಿಗೆ ನೋವಾಯಿತು. ಉಳಿದ ಮೂರಕ್ಕೆ ಬಟ್ಟೆಯ ಮೇಲೆ ಏನೋ ತಾಗಿದಂತಾಯಿತು, ಅಷ್ಟೆ. ರಕ್ತ ಕಂಡಿತು, ನೋವು ಕಾಣಲಿಲ್ಲ. ನನಗೆ ತಕ್ಷಣ ನೆನಪಾದವನು ನಮ್ಮ ಓಣಿಯ ಗದಿಗೆಪ್ಪ. ಅವನಿಗೂ ಹೀಗೇ ಶುರುವಾಯಿತಲ್ಲ? ಒಲೆಯ ಮೇಲಿನ ಗಡಿಗೆಯನ್ನು ಬರಿಗೈಯಿಂದ ಇಳಿಸುತ್ತಾನೆ, ಎಂಥ ಗಟ್ಟಿ ಗಂಡಸು ಎಂದು ಎಲ್ಲರೂ ಹೊಗಳುತ್ತಿದ್ದರು. ಆಮೇಲೆ ಅದು ಕುಷ್ಠ ಎಂದು ಗೊತ್ತಾದಾಗ ಊರ ಹೊರಗಿನ ಹಾಳು ಗಾಣದಲ್ಲಿ ತಂದಿಟ್ಟರು. ಅವನ ಹೆಂಡತಿ ರೊಟ್ಟಿಯನ್ನು ಕಲ್ಲಿನ ಮೇಲಿಟ್ಟು ಹಿಂದೆ ಸರಿದು ನಿಲ್ಲುತ್ತಿದ್ದಳು. ಅವನು ಬಂದು ತೆಗೆದುಕೊಂಡು ಹೋಗುವವರೆಗೆ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಇರುತ್ತಿದ್ದಳು. ನನಗೆ ಬಹಳ ಹೆದರಿಕೆಯಾಯಿತು ಅಕ್ಕಾ. ಈ ವಯಸ್ಸಿಗೆ ಸಾವಿಗೆ ನಾನು ಅಂಜುವುದಿಲ್ಲ. ಮನೆಯಿಂದ ಹೊರಗೆ ಹಾಕುತ್ತಾರಲ್ಲ, ಅದಕ್ಕೆ ಅಂಜುತ್ತೇನೆ.

ಆವತ್ತಿನಿಂದ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗಾಗಿದೆ ನನ್ನ ಸ್ಥಿತಿ. ಯಾರು ನನ್ನ ಕಡೆ ನೋಡಿದರೂ ಕೈ ಸೆರಗಿನೊಳಗೆ ಹೋಗುತ್ತದೆ. ಅರಿಸಿನ ಕುಂಕುಮಕ್ಕೆ ಬಂದ ಕೆಳಗಿನ ಮಾಳಿಗೆಯ ಶೀಲಾವತಿ ತಟ್ಟೆ ನೋಡಿ, “ಏನವ್ವಾ ಅಂಬವ್ವಾ, ಈ ಸಲ ಬಂಗಾರದ ಕುಸುರೆಳ್ಳು ಮಾಡೀಯೇನ?” ಎಂದು ಹಾಸ್ಯ ಮಾಡಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗುತ್ತಲೇ ಅವರ ಕೈಗೆ ಕುಂಕುಮದ ಬಟ್ಟಲು ಕೊಟ್ಟು, “ನೀವ ಹಚ್ಚಿಕೊಳ್ರೆವ್ವಾ, ನನ್ನ ಕೈ ಎಣ್ಣೀದದ” ಅಂದೆ. ಪರೇಲ್ ಸ್ಟೇಷನ್ನಿನ ಸೇತುವೆಯ ಮೆಟ್ಟಿಲ ಮೇಲೆ ಆ ರೋಗದವರು ಕೂತಿರುತ್ತಾರೆ. ಇಷ್ಟು ದಿನ ಮುಖ ತಿರುಗಿಸಿಕೊಂಡು ದುಡ್ಡು ಹಾಕಿ ನಡೆದುಬಿಡುತ್ತಿದ್ದೆ. ಈಗ ನಿಂತು ಅವರ ಬೆರಳು ನೋಡುತ್ತೇನೆ.

ಬಸುವಿನ ಸುದ್ದಿ ಬರೆಯಲು ಸಂಕಟವಾಗುತ್ತದೆ. ಅವನಿಗೆ ನನ್ನ ಕೈತುತ್ತೇ ಆಗಬೇಕು. ನಾನು ಚಮಚ ಹಿಡಿದರೆ ಬಾಯಿ ಬಿಗಿದುಕೊಂಡು ಅಳುತ್ತಾನೆ. ಕರಿಯ ದಿನ ಅವನನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದವಳು ನಾನು. ಹೊಟ್ಟೆನೋವು ಎಂದು ಸುಳ್ಳು ಹೇಳಿ ಮೂಲೆಯಲ್ಲಿ ಮಲಗಿಬಿಟ್ಟೆ. ಸೊಸೆ ಶರಣವ್ವ ಆಮೇಲೆ ನನ್ನ ಮುಂದೆ ಬಂದು ನಿಂತಳು. “ಅತ್ತಿ, ಕೂಸು ನಿಮಗ ಬ್ಯಾಡಾತೇನು? ಇಲ್ಲಾ ನಾ ಏನರ ಅಂದೀನೇನು? ಎಂಟು ದಿನ ಆತು, ಅವನ್ನ ಎತ್ತಿಕೊಂಡಿಲ್ಲ ನೀವು.” ಅವಳ ಕಣ್ಣಲ್ಲಿ ನೀರಿತ್ತು. ನಿಜ ಹೇಳಿದರೆ ಆ ಕ್ಷಣವೇ ಕೂಸನ್ನು ಎತ್ತಿಕೊಂಡು ಕುರ್ಲಾದ ತವರಿಗೆ ಹೊರಟಾಳು. ಹೊರಟರೆ ಅವಳದು ತಪ್ಪೂ ಅಲ್ಲ. “ನಡಾ ನೋಯ್ತದವ್ವಾ, ಮುದುಕಿ ಆದೆ” ಅಂದೆ. ಅವಳು ನಂಬಲಿಲ್ಲ.

ಕಡೆಗೆ ಮೊನ್ನೆ ಇವರ ಮುಂದೆ ಎಲ್ಲ ಹೇಳಿದೆ. ಇವರು ಟೊಪ್ಪಿಗೆ ತೆಗೆದು ಪಕ್ಕಕ್ಕಿಟ್ಟರು. ಆಮೇಲೆ, “ಯಾರ ಮುಂದೂ ಬಾಯಿ ಬಿಡಬ್ಯಾಡ. ಸೋಮವಾರ ದವಾಖಾನಿಗೆ ಹೋಗೂಣು. ಅಂಜಬ್ಯಾಡ, ನಾ ಇದ್ದೀನಲ್ಲ” ಅಂದರು. ಅಷ್ಟು ಮಾತಿಗೇ ನನಗೆ ಅರ್ಧ ಜೀವ ಬಂದಂತಾಯಿತು. ಅಂದರೆ ನಾಳೆಯೇ ಹೋಗುವುದು. ಶರಣವ್ವ ನೀರು ತುಂಬಿಕೊಂಡು ಮೇಲೆ ಬರುತ್ತಿದ್ದಾಳೆ, ಇಲ್ಲಿಗೆ ನಿಲ್ಲಿಸುತ್ತೇನೆ. ನನ್ನ ಪಾಲಿಗೆ ಒಂದು ದೀಪ ಹಚ್ಚು ಅಕ್ಕಾ.

ಬುಧವಾರ

ಅಕ್ಕಾ, ಅದು ಆ ರೋಗವಲ್ಲ! ಪತ್ರ ಅರ್ಧದಲ್ಲೇ ಕಳಿಸದಿದ್ದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ನೀನು ಅಲ್ಲಿ ನಿದ್ದೆಗೆಡುತ್ತಿದ್ದೆ.

ಸೋಮವಾರ ಚರ್ಮದ ಡಾಕ್ಟರು ನೋಡಿದ. ನಮ್ಮ ಮಗನಿಗಿಂತ ಚಿಕ್ಕವನು. ಕಣ್ಣು ಮುಚ್ಚಲು ಹೇಳಿ ಹತ್ತಿ ತಾಗಿಸಿದ, ಸೂಜಿ ತಾಗಿಸಿದ, ಮೊಣಕೈಯ ಹಿಂದೆ ನರ ಹಿಸುಕಿ ನೋಡಿದ, ಬೆನ್ನ ಮೇಲೆ ಮಚ್ಚೆ ಹುಡುಕಿದ. ಆಮೇಲೆ ನನ್ನ ತಲೆ ಹಿಡಿದು ಅತ್ತಿತ್ತ ತಿರುಗಿಸಿದಾಗ ತೋಳಿನ ಉದ್ದಕ್ಕೂ ಝುಮ್ಮೆಂದಿತು. ಕತ್ತಿನ ಫೋಟೋ ತೆಗೆಸಿಕೊಂಡು ಬುಧವಾರ ಬನ್ನಿ ಎಂದ. ಆ ನಡುವಿನ ಮಂಗಳವಾರವನ್ನು ಹೇಗೆ ಕಳೆದೆನೋ ಶಿವನಿಗೇ ಗೊತ್ತು. ಇವತ್ತು ಫೋಟೋ ಬೆಳಕಿಗೆ ಹಿಡಿದು ನಕ್ಕುಬಿಟ್ಟ. “ಆಜೀ, ಮಹಾರೋಗ ನಾಹೀ” ಅಂದ. ಕತ್ತಿನ ಎಲುಬು ಸವೆದು ನರ ಒತ್ತುತ್ತಿದೆಯಂತೆ. ಎಷ್ಟು ವರ್ಷ ತಲೆಯ ಮೇಲೆ ಕೊಡ ಹೊತ್ತಿರಿ ಎಂದು ಕೇಳಿದ. ಮೂರು ಮಾಳಿಗೆ, ಈ ಚಾಳಿಗೆ ಬಂದಾಗಿನಿಂದ ಅಂದೆ. ಇನ್ನು ಕೊಡ ಹೊರಬೇಡಿ, ತಲೆ ಬಗ್ಗಿಸಿ ಕೂರಬೇಡಿ, ವಯಸ್ಸಾಯಿತು ಎಂದ. ಅವ್ವ, ಅತ್ತೆ, ಅಜ್ಜಿ ಎಲ್ಲರೂ ಹುಟ್ಟಿದಾಗಿನಿಂದ ತಲೆ ತಗ್ಗಿಸಿ ನಡಿ ಎಂದರು. ತಲೆ ಎತ್ತಿ ನಡಿ ಎಂದು ಹೇಳಲು ದವಾಖಾನೆಯೇ ಬೇಕಾಯಿತು ನೋಡು! ಮುದುಕಿಯಾಗಿದ್ದಕ್ಕೆ ಇಷ್ಟು ಸಂತೋಷಪಟ್ಟವಳು ಇಡೀ ಮುಂಬಯಿಯಲ್ಲಿ ನಾನೊಬ್ಬಳೇ ಇರಬೇಕು.

ಮನೆಗೆ ಬಂದವಳೇ ಶರಣವ್ವನ ಮುಂದೆ ಎಲ್ಲ ಹೇಳಿದೆ. ಅವಳು ಮೊದಲು ಅತ್ತಳು, ಆಮೇಲೆ ಬೈದಳು: “ಒಬ್ಬಾಕಿನ ಇಷ್ಟು ನುಂಗಿಕೊಂಡು ಕುಂತಿದ್ದಿರೇನು? ಇದ್ದರೂ ಏನಾಗ್ತಿತ್ತು? ಔಷಧಾ ಮಾಡಸ್ತಿದ್ವಿ.” ಹಾಗೆ ಹೇಳಿ ಬಸುವನ್ನು ತಂದು ನನ್ನ ತೊಡೆಯ ಮೇಲೆ ಧೊಪ್ಪೆಂದು ಕೂರಿಸಿದಳು. ನಾನು ಯಾರಿಗೆ ಅಂಜಿದ್ದೆನೋ ಅವಳೇ ಹೀಗೆಂದಳು. ಅವನು ಈಗ ನನ್ನ ಪಕ್ಕದಲ್ಲೇ ಕೂತು ಲೇಖನಿ ಜಗ್ಗುತ್ತಿದ್ದಾನೆ. ಅಕ್ಷರ ಸೊಟ್ಟಗಿದ್ದರೆ ಅರ್ಧ ತಪ್ಪು ಅವನದು.

ನಿನ್ನ ಮೊಮ್ಮಕ್ಕಳಿಗೆಲ್ಲ ಈ ಮುಂಬಯಿ ಅಜ್ಜಿಯ ಆಶೀರ್ವಾದ. ಹಿರಿಯವಳಿಗೆ ಬೇಗ ಒಳ್ಳೆಯ ಮನೆ ಸಿಗಲಿ, ಕಿರಿಯವನ ಕೆಮ್ಮು ಕಡಿಮೆಯಾಗಲಿ. ನೀನು ಬೆಳಗಿನ ತಂಡಿಯಲ್ಲಿ ತಣ್ಣೀರು ಮೈಮೇಲೆ ಹಾಕಿಕೊಳ್ಳಬೇಡ. ಶಿವ ನಿನ್ನ ಮೊಣಕಾಲಿಗೂ ನನ್ನ ಕತ್ತಿಗೂ ಇನ್ನಷ್ಟು ವರ್ಷ ಬಲ ಕೊಡಲಿ.

ನಿನ್ನ ತಂಗಿ,
ಅಂಬವ್ವ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಇದೊಂದು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಎದೆ ಒಡೆದೀತು. ಸೋಮವಾರ ಡಾಕ್ಟರು ನನ್ನನ್ನು ಬಟ್ಟೆಯ ಪರದೆಯ ಹಿಂದೆ ಕೂರಿಸಿದ್ದ. ಇವರು ಆಚೆ ಬೆಂಚಿನ ಮೇಲಿದ್ದರು. ಅಲ್ಲಿ ಕೂತವರೆಲ್ಲ ಯಾವ ರೋಗದ ಶಂಕೆಗೆ ಬಂದವರೆಂದು ನೋಡಿದರೇ ತಿಳಿಯುತ್ತಿತ್ತು. ಇವರ ಹಳೆಯ ಆಫೀಸಿನ ಯಾರೋ ಕನ್ನಡದವರು ಹಾದು ಹೋಗುತ್ತಾ ನಿಂತರು. “ಏನ್ರಿ ನೀಲಕಂಠಪ್ಪನವರ, ಇಲ್ಲಿ ಕುಂತೀರಿ? ಮನ್ಯಾಗ ಯಾರಿಗೆ ಆರಾಮಿಲ್ಲ?” ಎಂದು ಕೇಳಿದ್ದು ನನಗೆ ಸ್ಪಷ್ಟ ಕೇಳಿಸಿತು. ಇವರು ಅಂದರು: “ನಮ್ಮ ಮನ್ಯಾಗ ಎಲ್ಲಾರೂ ಆರಾಮ ಅದಾರ. ಒಳಗ ಇರಾಕಿ ನಮ್ಮ ಚಾಳಿನ ಒಬ್ಬ ಮುದುಕಿ. ಪಾಪ, ಆಕೀಗೆ ಯಾರೂ ಇಲ್ಲ. ಅದಕ್ಕ ಕರಕೊಂಡು ಬಂದೀನಿ.”

ಹೆದರಿಕೆಗೆ ಅಂದ ಮಾತು, ನನಗೆ ಗೊತ್ತು. ಇವತ್ತು ಟ್ರಾಮಿನಲ್ಲಿ ಬರುವಾಗ ಇವರೇ ನನಗಿಂತ ಹೆಚ್ಚು ಅತ್ತರು. ಅದೂ ಸುಳ್ಳಲ್ಲ. ಆದರೆ ಮುಂದೆ ಒಂದು ದಿನ ನಾನು ನಿಜವಾಗಿ ಹಾಸಿಗೆ ಹಿಡಿದರೆ ಹೇಗೆ ಎಂದು ಈಗ ಬೇರೆಯೇ ಅಂಜಿಕೆ ಹತ್ತಿದೆ, ಅದಕ್ಕೆ ಯಾವ ಡಾಕ್ಟರ ಹತ್ತಿರ ಹೋಗಲಿ? ಉತ್ತರ ಬರೆಯುವಾಗ ಈ ಮಾತು ಎತ್ತಬೇಡ. ಟಪಾಲು ಮೊದಲು ಇವರ ಕೈಗೇ ಬರುತ್ತದೆ. ನಾನು ಕೇಳಿಸಿಕೊಂಡೆನೆಂದು ತಿಳಿದರೆ ಇವರು ಮತ್ತೆ ನನ್ನ ಮುಖ ನೋಡಲಾರರು. ಇಬ್ಬರಲ್ಲಿ ಒಬ್ಬರಾದರೂ ಅಂಜದೆ ಮಲಗಲಿ ಅಕ್ಕಾ.