ತಲೆಗೆ ಪೆಟ್ಟು, ಕಾಲಿಗೆ ಮದ್ದು

ಪಲ್ಲವಿಯ ಅವ್ವನಿಗೆ,

ಮಗಳು ಹುಟ್ಟಿದಾಗಿನಿಂದ ನಿನ್ನನ್ನು ಹೀಗೇ ಕರೆಯುತ್ತ ಬಂದವನು ನಾನು. ಕಾಗದದ ಮೇಲೂ ನಿನ್ನ ಹೆಸರು ಬರೆಯಲು ಕೈ ಬರುತ್ತಿಲ್ಲ. ನೀನು ಹೋಗಿ ಎರಡು ವರ್ಷವಾಯಿತು. ಈಗಲೂ ಏನಾದರೂ ತೀರ್ಮಾನ ಮಾಡಬೇಕಾದಾಗ ಅಡುಗೆಮನೆಯ ಬಾಗಿಲ ಕಡೆ ನೋಡುತ್ತೇನೆ. ಅಲ್ಲಿ ನಿಂತು ‘ಹಂಗಲ್ಲ, ಹಿಂಗ’ ಅನ್ನಲು ಯಾರೂ ಇರುವುದಿಲ್ಲ. ಈ ಸಲ ಮಾತ್ರ ನೀನು ಇರಲೇಬೇಕಿತ್ತು. ನಡೆದಿದ್ದನ್ನು ನಡೆದಂತೆ ಹೇಳುತ್ತೇನೆ. ನಾನು ಮಾಡಿದ್ದು ಸರಿಯೋ ತಪ್ಪೋ ನನಗಂತೂ ಇನ್ನೂ ತಿಳಿದಿಲ್ಲ.

ಆ ಮಧ್ಯಾಹ್ನ ಗಿರಣಿಯಲ್ಲಿ ಒಣಮೆಣಸಿನಕಾಯಿ ಪುಡಿ ಮಾಡುತ್ತಿದ್ದೆ. ಆ ಗದ್ದಲದಲ್ಲಿ ಫೋನು ಕೇಳಿಸುತ್ತದೆಯೇ? ಪಲ್ಲವಿಯ ಶಾಲೆಯವರು ಹರಪನಹಳ್ಳಿಗೆ ಖೋಖೋ ಪಂದ್ಯಕ್ಕೆ ಹೋಗಿದ್ದರು. ಅವಳ ಆಟದ ಟೀಚರ್ ರೇಣುಕಾ ಎಷ್ಟು ಸಲ ಫೋನು ಮಾಡಿದ್ದರೋ. ಕೊನೆಗೆ ಎತ್ತಿದಾಗ, “ಗಾಬರಿ ಆಗಬ್ಯಾಡ್ರಿ, ಪಲ್ಲವಿ ಎಚ್ಚರ ಅದಾಳ, ಮಾತಾಡ್ತಾಳ. ಆದ್ರ ನೀವು ಬರ್ರಿ” ಅಂದರು. ಹಾಗೇ ಬಸ್ಸು ಹತ್ತಿದೆ. ನನ್ನ ಅಂಗಿಯ ಮೆಣಸಿನ ಘಾಟಿಗೆ ಬಸ್ಸಿನವರೆಲ್ಲ ಸೀನುತ್ತಿದ್ದರು. ಒಬ್ಬರು ಬೈದರು ಕೂಡ.

ಆಸ್ಪತ್ರೆಯ ಬೆಂಚಿನ ಮೇಲೆ ಅವಳು ಕೂತಿದ್ದಳು. ರಕ್ತವಿಲ್ಲ, ಗಾಯವಿಲ್ಲ. ಕಂಬದ ಹತ್ತಿರ ಎದುರು ತಂಡದ ಹುಡುಗಿಯನ್ನು ಮುಟ್ಟಲು ನೆಲಕ್ಕೆ ಹಾರಿದ್ದಾಳೆ, ಆ ಹುಡುಗಿಯ ಮೊಣಕಾಲು ಇವಳ ಕಪಾಲಕ್ಕೆ ಬಡಿದಿದೆ. ಎದ್ದು ನಿಂತು “ಆಡ್ತೀನಿ” ಎಂದು ಹಟ ಹಿಡಿದಳಂತೆ. ಆದರೆ ಯಾವ ಶಾಲೆಯ ವಿರುದ್ಧ ಆಡುತ್ತಿದ್ದೇವೆ ಅಂತ ಕೇಳಿದರೆ ಅವಳಿಗೆ ಗೊತ್ತಿರಲಿಲ್ಲ. ಟೀಚರ್ ಕೈ ಹಿಡಿದು ಹೊರಗೆ ಕರೆತಂದಿದ್ದಾರೆ. ನನ್ನನ್ನು ನೋಡಿ, “ಅಪ್ಪಾ, ಊಟ ಮಾಡಿದ್ಯಾ?” ಅಂದಳು. “ಮಾಡೀನವ್ವ” ಅಂದೆ. ಸ್ವಲ್ಪ ಹೊತ್ತಿಗೆ ಮತ್ತೆ, “ಅಪ್ಪಾ, ಊಟ ಮಾಡಿದ್ಯಾ?” ಮತ್ತೆ ಅದೇ. ಆಮೇಲೆ ಬಾಗಿಲ ಕಡೆ ನೋಡಿ, “ಅವ್ವ ಬರ್ಲಿಲ್ಲೇನು?” ಎಂದು ಕೇಳಿದಳು.

ನಾನು ಏನು ಹೇಳಬೇಕಿತ್ತು? “ಬರ್ತಾಳ” ಅಂದುಬಿಟ್ಟೆ.

ಅಲ್ಲಿಂದ ದಾವಣಗೆರೆಗೆ ಕಳಿಸಿದರು. ಸ್ಕ್ಯಾನ್ ಮಾಡಿದ ಮೇಲೆ ಡಾಕ್ಟರು, “ಒಳಗ ರಕ್ತ ಸೋರಿಲ್ಲ, ಮೂಳಿ ಮುರಿದಿಲ್ಲ. ಮೆದುಳಿಗೆ ಅಲುಗಾಟ ಆಗೈತಿ. ಒಂದೆರಡು ದಿನ ರೆಸ್ಟ್ ಕೊಡ್ರಿ, ಆಮೇಲೆ ಹಗುರಕ ಓಡಾಡಲಿ. ಆಟ ಮಾತ್ರ ಈಗ ಬ್ಯಾಡ” ಅಂದರು. ವಾಂತಿ ಹೆಚ್ಚಾದರೆ, ಮಂಪರು ಬಂದರೆ ಕೂಡಲೇ ಕರೆತರಬೇಕು ಅಂತಲೂ ಹೇಳಿದರು. ಇಷ್ಟೆಲ್ಲ ಹೇಳಿದ್ದರಲ್ಲಿ ನನ್ನ ಕಿವಿಯಲ್ಲಿ ಉಳಿದದ್ದು ‘ರೆಸ್ಟ್’ ಎಂಬ ಒಂದೇ ಮಾತು. ಸ್ಕ್ಯಾನಿನಲ್ಲಿ ಏನೂ ಇಲ್ಲ ಅಂದಮೇಲೆ ಮಗಳು ತಲೆ ಹಿಡಿದುಕೊಂಡು ಯಾಕೆ ಅಳುತ್ತಾಳೆ? ಕಾಣದ ಪೆಟ್ಟನ್ನು ಎಲ್ಲಿ ಅಂತ ನೋಡುವುದು?

ಮನೆಗೆ ಬಂದ ಮರುದಿನವೇ ನಿಮ್ಮವ್ವ ಹೊಳಲಿನಿಂದ ಬಂದರು. ಬಂದವರೇ ಒಳಕೋಣೆಯ ಕಿಟಕಿಗೆ ಕಂಬಳಿ ಕಟ್ಟಿದರು. ಟಿವಿ ಬಂದ್, ಫೋನು ಬಂದ್, ಶಾಲೆ ಬಂದ್, ಗೆಳತಿಯರು ಬಂದರೆ ಬಾಗಿಲಿನಿಂದಲೇ ವಾಪಸ್. ಗಿರಣಿಯ ಸದ್ದಿಗೆ ಪಲ್ಲವಿ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ನಾನು ಗಿರಣಿಯನ್ನೂ ನಿಲ್ಲಿಸಿದೆ. ಜೋಳದ ಡಬ್ಬಿ ಹೊತ್ತು ಬಂದವರಿಗೆ “ಪ್ಯಾಟಿ ಗಿರಣಿಗೆ ಹೋಗ್ರಿ” ಅನ್ನುತ್ತ ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ನಮ್ಮ ಓಣಿ ಅಷ್ಟು ಸುಮ್ಮನಿದ್ದದ್ದನ್ನು ನೀನು ಎಂದೂ ಕಂಡಿರಲಿಕ್ಕಿಲ್ಲ. ಮಲಗಿದರೆ ವಾಸಿಯಾಗುತ್ತದೆ ಅಂತ ಎಲ್ಲರೂ ಹೇಳಿದರು. ನಾನೂ ನಂಬಿದೆ. ಯಾರು ತಾನೇ ನಂಬುವುದಿಲ್ಲ?

ವಾರದ ಮೇಲೆ ವಾರ ಕಳೆದರೂ ವಾಸಿಯಾಗಲಿಲ್ಲ. ಹಗಲೆಲ್ಲ ಮಲಗಿದವಳಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಎದ್ದು ನಿಂತರೆ ತಲೆ ತಿರುಗುತ್ತಿತ್ತು. ನಿಮ್ಮವ್ವ ತುತ್ತು ಮಾಡಿ ಕೊಟ್ಟರೂ ತಟ್ಟೆ ದೂಡುತ್ತಿದ್ದಳು. ಒಂದು ಸಂಜೆ ಹತ್ತಿರ ಕರೆದು, “ಅಪ್ಪಾ, ಗಿರಣಿ ಬಂದ್ ಮಾಡಿದ್ರೂ ನನ್ ತಲಿಯಾಗ ತಿರಗತೈತಿ. ನಾನು ಹಿಂಗ ಉಳೀತೀನೇನು?” ಅಂದಳು. ಅವಳ ದನಿ ಥೇಟ್ ನಿನ್ನದೇ. ಆಸ್ಪತ್ರೆಯಲ್ಲಿ ನೀನೂ ಹೀಗೇ... ಬಿಡು. ನಿನಗೆ ಬಂದದ್ದು ಬರೀ ಜ್ವರ, ಎರಡು ದಿನಕ್ಕೆ ಮನೆಗೆ ಕಳಿಸುತ್ತೇವೆ ಅಂದಿದ್ದರು. ಅಂದಿನಿಂದ ಬಿಳಿ ಕೋಟಿನವರು ‘ಏನೂ ಇಲ್ಲ’ ಅಂದರೆ ನನಗೆ ನಂಬಿಕೆಯೇ ಬರುವುದಿಲ್ಲ.

ರೇಣುಕಾ ಟೀಚರ್ ಪಲ್ಲವಿಯನ್ನು ನೋಡಲು ಬಂದ ದಿನ ನಿಮ್ಮವ್ವ ಅವರನ್ನೂ ತಡೆಯಲು ನೋಡಿದರು. ಅವರು ಒಳಗೆ ಹೋಗಿ ಕತ್ತಲೆಯಲ್ಲಿ ಸ್ವಲ್ಪ ಹೊತ್ತು ನಿಂತು ಹೊರಗೆ ಬಂದರು. “ಅಣ್ಣಾರ, ಅವತ್ತಿನಿಂದ ಹಿಂಗ ಮಲಗಿಸೀರೇನು?” ಎಂದು ಕೇಳಿದರು. “ಮತ್ತ ಏನ್ ಮಾಡೋದ್ರಿ?” ಅಂದೆ. “ನಂಗೂ ಪೂರ್ತಿ ತಿಳೀದು. ಆದ್ರ ಇದು ಸರಿ ಅನ್ನಿಸವಲ್ದು. ನಾಳಿ ನಾನೂ ಬರ್ತೀನಿ, ಮತ್ತ ದಾವಣಗೆರೆಗೆ ಹೋಗೋಣ ನಡ್ರಿ” ಅಂದರು. ರಜೆ ಹಾಕಿ ಬಂದರು ಆ ಹೆಣ್ಣುಮಗಳು. ದಾರಿಯುದ್ದಕ್ಕೂ ಪಲ್ಲವಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅವರ ಹೆಗಲಿಗೆ ಒರಗಿದ್ದಳು.

ಡಾಕ್ಟರು ಈ ಸಲ ಬಹಳ ಹೊತ್ತು ಮಾತನಾಡಿಸಿದರು, ಕಣ್ಣು ನೋಡಿದರು, ಗೆರೆಯ ಮೇಲೆ ನಡೆಸಿದರು. ಆಮೇಲೆ ಏನು ಮಾಡಿದರು ಹೇಳು? ಮಗಳನ್ನು ಸೈಕಲ್ ಮೇಲೆ ಕೂರಿಸಿದರು! ನಿಂತಲ್ಲೇ ತುಳಿಯುವ ಸೈಕಲ್ಲು. ನಾನು ಎದ್ದು ನಿಂತುಬಿಟ್ಟೆ. “ಸಾರ್, ಪೆಟ್ಟು ಬಿದ್ದಿದ್ದು ತಲಿಗೆ. ಕಾಲಿಗೆ ಯಾಕ್ರಿ ಕೆಲಸ ಕೊಡ್ತೀರಿ?” ಅಂದೆ. ಅವರು ನಗಲಿಲ್ಲ. “ಕೂತ್ಕೊಳ್ರಿ, ಹೇಳ್ತೀನಿ” ಅಂದರು. ನಿಧಾನವಾಗಿ ತುಳಿಸುತ್ತ, ಅವಳ ಎದೆಬಡಿತ ನೋಡುತ್ತ, “ಈಗ ನೋವು ಎಷ್ಟೈತಿ? ಈಗ?” ಎಂದು ಕೇಳುತ್ತಿದ್ದರು. ಒಂದು ಹಂತಕ್ಕೆ ಬಂದಾಗ ಪಲ್ಲವಿ ಹಣೆ ಹಿಡಿದಳು. ತಕ್ಷಣ ನಿಲ್ಲಿಸಿದರು.

“ಇಲ್ಲಿಗೆ ಬಂದ್ರ ನೋವು ಜಾಸ್ತಿ ಆಗತೈತಿ. ದಿನಾ ಇದಕ್ಕಿಂತ ಸ್ವಲ್ಪ ಕೆಳಗ ನಿಲ್ಲಿಸಬೇಕು, ಅಷ್ಟ” ಅಂದರು ಡಾಕ್ಟರು. ಪೆಟ್ಟು ಬಿದ್ದಾಗ ಮೆದುಳಿಗೆ ರಕ್ತ ಹರಿಯುವ ಹದ ಕೆಟ್ಟಿರುತ್ತದಂತೆ. ಹಗುರವಾಗಿ ನಡೆದರೆ, ಸೈಕಲ್ ತುಳಿದರೆ ಆ ಹದ ಮತ್ತೆ ಕೂಡಿಕೊಳ್ಳುತ್ತದಂತೆ. ದಿನಗಟ್ಟಲೆ ಕತ್ತಲೆಯಲ್ಲಿ ಮಲಗಿದರೆ ನಿದ್ದೆ, ಹಸಿವು, ಮನಸ್ಸು ಎಲ್ಲ ಕೆಡುತ್ತವೆ, ತಲೆನೋವೂ ಬಿಡುವುದಿಲ್ಲ ಅಂದರು. “ಮಾತ್ರೆ ಬರೆಯಂಗಿಲ್ಲೇನ್ರಿ?” ಎಂದು ಕೇಳಿದೆ. “ನಡಿಗೀನೇ ಮಾತ್ರಿ ಅಂತ ತಿಳ್ಕೊಳ್ರಿ. ಬೇಕಾದಷ್ಟ ಕೊಡಬೇಕು, ಹೆಚ್ಚು ಕೊಡಬಾರದು. ಆಟ ಮಾತ್ರ ಇನ್ನೂ ಬ್ಯಾಡ. ತಲಿಗೆ ಇನ್ನೊಂದು ಪೆಟ್ಟು ಬೀಳಬಾರದು.” ನಡೆಸಬೇಕು, ಆಡಿಸಬಾರದು. ದಣಿಸಬೇಕು, ದಣಿಸಬಾರದು. ನನಗೆ ತಿಳಿಯಿತೇ? ತಿಳಿದವನಂತೆ ತಲೆಯಾಡಿಸಿ ಬಂದೆ.

ನಿಮ್ಮವ್ವನಿಗೆ ಇದನ್ನು ಹೇಳಿದಾಗ ಒಲೆಯ ಮುಂದಿದ್ದವರು ಎದ್ದು ಬಂದರು. “ಮಗಳ್ನ ಕಳಕೊಂಡೀನ್ರಿ ನಾನು. ಮೊಮ್ಮಗಳ್ನ ರಸ್ತಿಮ್ಯಾಲ ನಡೆಸಿ ಕಳಕೊಳ್ಳಾಕ ತಯಾರಿಲ್ಲ. ನಿಮಗ ಮಗಳಿಗಿಂತ ಆ ಡಾಕ್ಟ್ರ ಮಾತು ಹೆಚ್ಚಾತೇನು?” ಎಂದು ಕೇಳಿದರು. ಅವರ ಒಡಲ ಸಂಕಟ ನನ್ನದೂ ಹೌದಲ್ಲ. ಮರುದಿನ ಬೆಳಗ್ಗೆ ಚೀಲ ಹಿಡಿದು ಹೊಳಲಿನ ಬಸ್ಸು ಹತ್ತಿದರು. ಕಿಟಕಿಯ ಕಂಬಳಿ ಹಾಗೇ ಇತ್ತು. ಅದನ್ನು ಬಿಚ್ಚಲು ಕೈ ಎತ್ತುವುದು, ಇಳಿಸುವುದು ಮಾಡುತ್ತ ನಿಂತಿದ್ದೆ. ಪಲ್ಲವಿಯೇ ಎದ್ದು ಬಂದು ಅರ್ಧ ಸರಿಸಿದಳು. “ಇಷ್ಟ ಸಾಕಪ್ಪ ಇವತ್ತಿಗೆ” ಅಂದಳು.

ಸ್ಟೇಷನ್ ರಸ್ತೆಯಲ್ಲಿ ಮೊದಲ ಸಲ ನಡೆದಾಗ ಬಿಸಿಲು ಇಳಿದಿತ್ತು. ಅವಳು ಒಂದು ಕೈಯಿಂದ ನನ್ನ ತೋಳು ಹಿಡಿದು, ಇನ್ನೊಂದು ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು ನಡೆದಳು. ಚಹಾದ ಅಂಗಡಿ ದಾಟುವಷ್ಟರಲ್ಲಿ “ಅಪ್ಪಾ, ನೋವು ಶುರು ಆತು” ಅಂದಳು. ನಾನು ಆಟೋ ಕೂಗಿದೆ. “ಆಟೋ ಬ್ಯಾಡ. ಸ್ವಲ್ಪ ಕೂತು ತಿರುಗಿ ಹೋಗೋಣ. ಡಾಕ್ಟ್ರು ಹೇಳಿದ್ದು ಮರತ್ಯಾ?” ಅಂದಳು. ಇಬ್ಬರಲ್ಲಿ ತಲೆಗೆ ಪೆಟ್ಟು ಬಿದ್ದದ್ದು ಯಾರಿಗೆ ಅಂತ ಚಹಾದವನಿಗೂ ಅನುಮಾನ ಬಂದಿರಬೇಕು, ನೀರು ತಂದು ನನಗೆ ಕೊಟ್ಟ.

ದಿನಾ ನಡೆಯತೊಡಗಿದೆವು. ಒಂದು ದಿನ ಗೇಟಿನ ಹತ್ತಿರ ರೈಲು ಹೋಗುವುದನ್ನು ಕಾಯುತ್ತ ನಿಂತಾಗ ಅವಳು, “ಅವತ್ತು ಆಸ್ಪತ್ರೆಯಾಗ ನಾನು ಅವ್ವನ್ನ ಕೇಳಿದ್ನಂತ, ಹೌದಾ?” ಅಂದಳು. ಟೀಚರ್ ಹೇಳಿದ್ದರಂತೆ. “ಹೌದು” ಅಂದೆ. “ನೀನು ಏನಂದಿ?” “ಬರ್ತಾಳ ಅಂದೆ.” ರೈಲು ಹೋಯಿತು, ಗೇಟು ತೆರೆಯಿತು. “ಆ ಹೊತ್ನ್ಯಾಗ ಅವ್ವ ಇಲ್ಲ ಅನ್ನೋದು ನಂಗ ಗೊತ್ತಿರ್ಲಿಲ್ಲ ಅಪ್ಪ. ಸ್ವಲ್ಪ ಹೊತ್ತು ಅವ್ವ ಇದ್ಲು” ಅಂದಳು. ಆ ಸ್ವಲ್ಪ ಹೊತ್ತು ನಿನಗೂ ತಿಳಿಯಿತೇ?

ನಡುವೆ ಒಂದು ಸಂಜೆ ಅವಳು ನನ್ನ ತೋಳು ಬಿಟ್ಟು ಓಡಿಯೇಬಿಟ್ಟಳು. ಖುಷಿಗೆ. ಮನೆ ಮುಟ್ಟುವಷ್ಟರಲ್ಲಿ ತಲೆ ಹಿಡಿದು ಕೂತಳು, ಮರುದಿನವೂ ನೋವು ಇಳಿಯಲಿಲ್ಲ. ನಾನು ಕಂಬಳಿ ಎಳೆದೆ, ಬಾಗಿಲು ಹಾಕಿದೆ. “ಸಾಕು ಈ ನಡಿಗಿ, ನಿಮ್ಮಜ್ಜಿ ಹೇಳಿದ್ದ ಖರೆ” ಎಂದು ಕೂಗಾಡಿದೆ. ಅವಳೂ ಕೂಗಿದಳು. ಕೊನೆಗೆ ಟೀಚರ್ ಮೂಲಕ ಡಾಕ್ಟರಿಗೆ ಫೋನು ಹೋಯಿತು. ಗಾಬರಿ ಬೇಡ, ನೋವು ಇಳಿದ ಮೇಲೆ ಕಡಿಮೆಯಿಂದ ಶುರು ಮಾಡಿ, ನಿಲ್ಲಿಸಬೇಡಿ ಅಂದರು. ಶುರು ಮಾಡಿದೆ. ನಂಬಿಕೆಯಿಂದಲೋ, ಬೇರೆ ದಾರಿ ತಿಳಿಯದೆಯೋ...

ನಿಮ್ಮವ್ವ ಮತ್ತೆ ಬಂದ ದಿನ ಪಲ್ಲವಿ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದಳು. ಅದು ಎರಡನೆಯ ರೊಟ್ಟಿ. ನಿಮ್ಮವ್ವ ನೋಡಿದರು, ಚೀಲ ಒಳಗಿಟ್ಟರು, ಮುಖ ತೊಳೆದು ಬಂದರು. ಸಂಜೆ ನಾವು ಹೊರಟಾಗ “ಇವತ್ತು ಎಲ್ಲಿ ಮಟ ಹೊಂಟೀರಿ?” ಎಂದು ಕೇಳಿ ಚಪ್ಪಲಿ ಮೆಟ್ಟಿದರು. ಅಜ್ಜಿಗೆ ಮೊಣಕಾಲು ನೋವು, ಮೊಮ್ಮಗಳಿಗೆ ತಲೆನೋವು. ಒಬ್ಬರನ್ನೊಬ್ಬರು ಕಾಯುತ್ತ ನಡೆದರು. ಅದೇ ವಾರ ಪಲ್ಲವಿ ಗಿರಣಿಯೊಳಗೆ ಬಂದು ಸ್ವಿಚ್ ಒತ್ತಿ, ಕಿವಿ ಮುಚ್ಚದೆ ನಿಂತಳು. ಶಾಲೆಗೂ ಮೊದಲು ಅರ್ಧ ದಿನ, ಆಮೇಲೆ ಇಡೀ ದಿನ ಹೋಗತೊಡಗಿದಳು. ನಡಿಗೆ ಹೋಗಿ ಓಟವಾಯಿತು. ಓಡಿ ಬಂದರೂ ತಲೆ ನೋಯದ ದಿನಗಳು ಬಂದವು. ವ್ಯಾಯಾಮದಿಂದಲೇ ವಾಸಿಯಾಯಿತೋ, ಆಗುವ ಕಾಲಕ್ಕೆ ಆಯಿತೋ? ಡಾಕ್ಟರನ್ನು ಕೇಳಿದರೆ, “ಎರಡೂ ಇರಬಹುದು. ಆದ್ರ ನಡೆದೋರು ಮಲಗಿದೋರಿಗಿಂತ ಬೇಗ ಏಳ್ತಾರ” ಅಂದರು.

ಹೋದ ವಾರ ದಾವಣಗೆರೆಯಲ್ಲಿ ಅವರೇ, “ಇನ್ನ ಆಡಬಹುದು. ಒಮ್ಮೆಲೆ ಬ್ಯಾಡ, ಮೊದಲು ಪ್ರಾಕ್ಟೀಸು” ಅಂದಾಗ ಪಲ್ಲವಿ ಟೀಚರನ್ನು ತಬ್ಬಿಕೊಂಡಳು. ನಾನು ಡಾಕ್ಟರನ್ನು, “ಮತ್ತ ಪೆಟ್ಟು ಬೀಳಂಗಿಲ್ಲ ಅಂತ ಹೇಳ್ತೀರೇನ್ರಿ?” ಎಂದು ಕೇಳಿದೆ. ಅವರು, “ಅದನ್ನ ಯಾರೂ ಹೇಳಾಕಾಗಂಗಿಲ್ರಿ” ಅಂದರು. ನಡೆಸು ಅಂದಾಗ ಹೆದರಿದೆ, ಓಡಿಸು ಅಂದಾಗ ಹೆದರಿದೆ. ಆಡಿಸು ಅಂದರೆ? ನೀನಿದ್ದರೆ ಏನು ಹೇಳುತ್ತಿದ್ದೆ? ಬೇಡ ಅನ್ನುತ್ತಿದ್ದೆಯೋ, ಅಥವಾ ನನ್ನನ್ನೇ ಬೈದು ಅವಳ ಬೂಟು ತಂದಿಡುತ್ತಿದ್ದೆಯೋ?

ನಿನ್ನೆ ಸಂಜೆ ಶಾಲೆಯ ಮೈದಾನಕ್ಕೆ ನಾನೂ ಹೋಗಿದ್ದೆ. ಗೆಳತಿಯರೆಲ್ಲ ಗೆರೆಯಲ್ಲಿ ಕೂತಿದ್ದರು. ಓಡುವ ಸರದಿ ಪಲ್ಲವಿಯದು. ಒಳಗೆ ಕಾಲಿಡುವ ಮೊದಲು ತಿರುಗಿ ನನ್ನ ಹತ್ತಿರ ಬಂದಳು. “ಅಪ್ಪಾ, ನಂಗ ಹೆದರಿಕಿ ಆಗಾಕ ಹತ್ತೈತಿ” ಅಂದಳು. ಧೈರ್ಯ ಹೇಳಬೇಕಾದವನು ನಾನು, “ನಂಗೂ” ಅಂದುಬಿಟ್ಟೆ. ಅವಳಿಗೆ ನಗು ಬಂತು. ನಮ್ಮಿಬ್ಬರನ್ನೂ ಅವಸರಪಡಿಸದೆ ಟೀಚರ್ ದೂರದಲ್ಲಿ ಕಾದರು. “ಬ್ಯಾಡಂದ್ರ ಮನಿಗೆ ಹೋಗೋಣ” ಅಂದೆ. ಅವಳು ಜಡೆ ಬಿಗಿದು ಕಟ್ಟಿಕೊಂಡು ಒಳಗೆ ಹೋದಳು.

‘ಖೋ’ ಎಂಬ ಕೂಗು ಕೇಳಿತು. ಒಂದು ತಿರುವು, ಇನ್ನೊಂದು ತಿರುವು, ಅಷ್ಟರಲ್ಲೇ ಯಾರೋ ಬೆನ್ನು ಮುಟ್ಟಿದರು. ಔಟಾದಳು. ಮೊದಲೆಲ್ಲ ಔಟಾದರೆ ಮುಖ ಊದಿಸಿಕೊಂಡು ಊಟ ಬಿಡುತ್ತಿದ್ದವಳು, ನಿನಗೆ ಗೊತ್ತಲ್ಲ. ನಿನ್ನೆ ಏದುಸಿರು ಬಿಡುತ್ತ, ಮೈಯೆಲ್ಲ ಧೂಳು, ನಗುತ್ತ ನಗುತ್ತ ಓಡಿ ಬಂದಳು. “ಥೂ, ಎಷ್ಟು ಜಲ್ದಿ ಸಿಕ್ಕೆ ನೋಡಪ್ಪ!” ಅಂದಳು. ನೀನು ಹೋದ ಮೇಲೆ ಅವಳು ಹೀಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ನನಗೂ ಸಂತೋಷವಾಯಿತು. ಬೇಗ ಔಟಾಗಿ ಪೆಟ್ಟಿಲ್ಲದೆ ಹೊರಗೆ ಬಂದಳು ಅಂತಲೋ, ಒಳಗೆ ಹೋದಳು ಅಂತಲೋ, ಕೂತು ಎಷ್ಟು ಯೋಚಿಸಿದರೂ ಬಗೆಹರಿಯುತ್ತಿಲ್ಲ.

ನಾಳೆಯೂ ಹೋಗುತ್ತಾಳಂತೆ. ಹೋಗು ಅಂದಿದ್ದೇನೆ.