ಉಡಿಯಲ್ಲಿ ಹೋದ ನಾಲ್ಕನೇ ಡಿಸ್ಕ್

ಹಾಸ್ಟೆಲ್, ವಿನೋಬನಗರ
ದಾವಣಗೆರೆ
ಬುಧವಾರ

ಪ್ರೀತಿಯ ಹಾಲಸ್ವಾಮಿ ಮಾವನಿಗೆ,

ನಾನು ಸಹನಾ, ನಿನ್ನ ಅಕ್ಕನ ಮಗಳು. 'ನೀವು' ಎಂದು ಶುರು ಮಾಡಿ ಎರಡು ಹಾಳೆ ಹರಿದೆ. ಐದು ವರ್ಷದವಳಿದ್ದಾಗ 'ನೀನು' ಅನ್ನುತ್ತಿದ್ದೆನಲ್ಲ, ಅದೇ ಇರಲಿ. ಒಂದನೇ ಕ್ಲಾಸಿನಿಂದ ಹಾಸ್ಟೆಲ್, ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ನಗು, ಆದರೆ ಪೂರ್ತಿ ಓದು. ಒಂದು ಪ್ರಶ್ನೆ ಕೇಳದೆ ನನ್ನ ಕೈ ಮುಂದಕ್ಕೆ ಹೋಗುತ್ತಿಲ್ಲ. ನೇತ್ರಾವತಿ ಅತ್ತೆಯ ಮದುವೆಯಲ್ಲಿ ನೀನು ಹಿಡಿದಿದ್ದ ಆ ಹ್ಯಾಂಡಿಕ್ಯಾಮ್ ಇನ್ನೂ ಇದೆಯಾ? ಗುಜರಿಗೆ ಹಾಕಿಲ್ಲ ತಾನೇ? ಹಾಕುವ ಯೋಚನೆ ಇದ್ದರೆ ಭಾನುವಾರದವರೆಗೆ ತಡಿ.

ನಮ್ಮ ಮನೆಯವರ ನಂಬರ್ ಕಂಡರೆ ನೀನು ಫೋನ್ ಎತ್ತುವುದಿಲ್ಲ ಎಂದು ಅಮ್ಮ ಹೇಳಿದಳು. ಅದಕ್ಕೇ ಕಾಗದ. ಇಲ್ಲಿಂದ ಆವರಗೆರೆಗೆ ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆಂದು ನನ್ನ ರೂಮ್‌ಮೇಟ್ ನುಜತ್ ನಗುತ್ತಿದ್ದಾಳೆ. ಆಟೋ ಹತ್ತಿದರೆ ಅರ್ಧ ಗಂಟೆ, ಹೋಗಿ ಬಾರೆ ಅನ್ನುತ್ತಾಳೆ. ಒಬ್ಬಳೇ ಬಂದು ನಿನ್ನ ಬಾಗಿಲು ಬಡಿಯುವ ಧೈರ್ಯ ನನಗಿಲ್ಲ ಮಾವ.

ನಾನೀಗ ಪತ್ರಿಕೋದ್ಯಮದಲ್ಲಿ ಮೊದಲನೇ ವರ್ಷ. ಹೋದ ವಾರ ಅಂಜನ್ ಕುಮಾರ್ ಸರ್ ಮೇಜಿನ ಮೇಲೆ ಹಳೆಯ ಕ್ಯಾಮೆರಾಗಳನ್ನೆಲ್ಲ ಹರಡಿ, ಒಂದೊಂದನ್ನು ಒಬ್ಬೊಬ್ಬರು ಕಲಿತು ಈ ಶುಕ್ರವಾರ ಕ್ಲಾಸಿಗೆ ವಿವರಿಸಬೇಕು ಅಂದರು. ನನಗೆ ಎದ್ದು ನಿಂತರೆ ಬಾಯಿ ಒಣಗುತ್ತದೆ. ಎಲ್ಲಾ ಒಂದೇ ಅಲ್ವಾ ಸರ್, ಎಂದುಬಿಟ್ಟೆ. ಕ್ಲಾಸು ನಕ್ಕಿತು. ಸರ್ ಮಾತ್ರ ನಗಲಿಲ್ಲ. "ಮೊದಲು ಹೊಟ್ಟೆ ನೋಡಮ್ಮ. ಅದು ಏನು ತಿಂತೈತೆ ಅಂತ ಗೊತ್ತಾದ್ರೆ ಅರ್ಧ ತಿಳಿದಂಗೆ" ಅಂದರು.

ನೋಡಿದೆ. ಒಂದರ ಹೊಟ್ಟೆಯಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಟೇಪು. ಇನ್ನೊಂದರೊಳಗೆ ಕಂಪ್ಯೂಟರಿನ ಹಾಗೆ ಹಾರ್ಡ್ ಡಿಸ್ಕ್. ತೆಗೆಯುವಂತಿಲ್ಲ, ಕೆಟ್ಟರೆ ಎಲ್ಲ ಒಟ್ಟಿಗೆ ಹೋಯಿತು. ಹೊಸದಕ್ಕೆ ಉಗುರಿನಷ್ಟು ಕಾರ್ಡು ಸಾಕು. ನನ್ನ ಪಾಲಿಗೆ ಬಂದದ್ದು ಅಂಗೈಯಗಲದ ಪುಟ್ಟ ಡಿವಿಡಿ ತಿನ್ನುವ ಕ್ಯಾಮೆರಾ. ಮುಚ್ಚಳ ತೆಗೆದೆ. ಕಾಮನಬಿಲ್ಲಿನ ಬಣ್ಣದ ಆ ಡಿಸ್ಕು ಕಂಡದ್ದೇ ಪಟ್ಟನೆ ಮುಚ್ಚಿಬಿಟ್ಟೆ. ಏಕೆಂದು ಆಗ ತಿಳಿಯಲಿಲ್ಲ.

ಒಂದು ವಾರದಿಂದ ಅದರ ಮ್ಯಾನ್ಯುಯಲ್ ಓದುತ್ತಿದ್ದೇನೆ, ನುಜತ್ ಪರೀಕ್ಷೆಯ ಹಾಗೆ ಪ್ರಶ್ನೆ ಕೇಳುತ್ತಾಳೆ. ಮೈಮೇಲೆ ದೊಡ್ಡದಾಗಿ ಬರೆದಿರುವ ಎಂಟುನೂರು ಪಟ್ಟು ಝೂಮ್ ಸುಳ್ಳಂತೆ. ಲೆನ್ಸು ನಿಜವಾಗಿ ಚಾಚಿಕೊಂಡು ಹತ್ತಿರ ತರುವುದು ಆಪ್ಟಿಕಲ್ ಝೂಮ್, ಅದು ಇಪ್ಪತ್ತೈದು ಪಟ್ಟು ಅಷ್ಟೇ. ಉಳಿದದ್ದು ಡಿಜಿಟಲ್, ಇದ್ದ ಚಿತ್ರವನ್ನೇ ಎಳೆದು ಎಳೆದು ದೊಡ್ಡದು ಮಾಡುವುದು. ಕಡೆಗೆ ಬರೀ ಚೌಕಗಳು, ಮುಖವೇ ಇರುವುದಿಲ್ಲ. ನಮ್ಮ ಮನೆಯವರು ನಿನ್ನ ವಿಷಯದಲ್ಲಿ ಹದಿಮೂರು ವರ್ಷ ಮಾಡಿದ್ದು ಇದನ್ನೇ ಅಂತ ಈಗ ಅನಿಸುತ್ತದೆ.

ಸೋಮವಾರ ಆ ಪುಟ ಸಿಕ್ಕಿತು. ಡಿಸ್ಕ್ ತುಂಬಿದ ಮೇಲೆ ಅದೇ ಕ್ಯಾಮೆರಾದಲ್ಲಿ, ಚಾರ್ಜರನ್ನು ಕರೆಂಟಿಗೆ ಹಾಕಿ, 'ಫೈನಲೈಸ್' ಮಾಡಬೇಕು. ಮಾಡದಿದ್ದರೆ ಬೇರೆ ಯಾವ ಪ್ಲೇಯರೂ ಅದನ್ನು ಓದುವುದಿಲ್ಲ. ಒಳಗೆ ಎಲ್ಲ ಇದ್ದರೂ ಖಾಲಿ ಎಂದೇ ತೋರಿಸುತ್ತದೆ. ಮೂರು ಸಲ ಓದಿದೆ. ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ.

ಮದುವೆಯ ದಿನ ಆನೆಕೊಂಡದ ನಮ್ಮ ಮನೆಯ ಅಡುಗೆಕೋಣೆಯಲ್ಲಿ, ಮಿಕ್ಸಿಯ ಪ್ಲಗ್ ಕಿತ್ತು ನಿನ್ನ ಚಾರ್ಜರ್ ಸಿಕ್ಕಿಸಿ ನೀನು ಕುಕ್ಕರುಗಾಲಲ್ಲಿ ಕೂತಿರುತ್ತಿದ್ದೆ. ಚಟ್ನಿ ರುಬ್ಬಲು ಬಂದವರೆಲ್ಲ ಬೈಯುತ್ತಿದ್ದರು. ಅರ್ಧರ್ಧ ಗಂಟೆಗೊಂದು ಡಿಸ್ಕು ಹೀಗೆ ಮುಗಿಸಿ ನನ್ನ ಕೈಗೆ ಕೊಟ್ಟು, ಅಜ್ಜಿಗೆ ಕೊಟ್ಟು ಬಾರವ್ವ ಅನ್ನುತ್ತಿದ್ದೆ. ಹೀಗೆ ಮೂರು ಡಿಸ್ಕು ಓಡಿ ಹೋಗಿ ಕೊಟ್ಟು ಬಂದೆ. ನನಗೆ ಅದೇ ಕೆಲಸ, ಅದೇ ಜಂಬ.

ನಾಲ್ಕನೆಯದು ಅತ್ತೆಗೆ ಉಡಿ ತುಂಬಿದ್ದು. ಯಾರೆದುರೂ ಮಗಳನ್ನು ಮಾತಾಡಿಸದ ನಮ್ಮ ಅಜ್ಜಪ್ಪ ತಾತ ಅವತ್ತು ಎಲ್ಲರೆದುರು ಅತ್ತೆಯ ತಲೆ ಮೇಲೆ ಕೈಯಿಟ್ಟು ಏನೋ ಹೇಳಿದರಲ್ಲ, ಅದು. ಅಷ್ಟರಲ್ಲಿ ಬೀರು ಟೆಂಪೋಗೆ ಏರಿಸಲು ನಿನ್ನನ್ನು ಕರೆದರು. ನೀನು ಕ್ಯಾಮೆರಾವನ್ನು ಕಟ್ಟೆಯ ಮೇಲಿಟ್ಟು ಹೋದೆ. ಮುಚ್ಚಳ ಒತ್ತುವುದನ್ನು ನೋಡಿ ನೋಡಿ ನನಗೆ ಬರುತ್ತಿತ್ತು. ತೆಗೆದೆ. ಓಡಿ ಹೋಗಿ ಕರಿಯವ್ವಜ್ಜಿಗೆ ಕೊಟ್ಟೆ. ಮೂರು ಡಿಸ್ಕೂ ಪೆಟ್ಟಿಗೆ ಸೇರಿದ್ದವು, ಇದೊಂದನ್ನು ಅಜ್ಜಿ ಅಕ್ಕಿ, ಕೊಬ್ಬರಿ, ಬಳೆಯ ಜೊತೆ ಅತ್ತೆಯ ಸೆರಗಿಗೇ ಹಾಕಿ ಗಂಟು ಕಟ್ಟಿದಳು.

ನೀನು ಬೆವರೊರೆಸಿಕೊಂಡು ಬಂದು, "ಹತ್ತು ನಿಮಿಷ ಕೊಡ್ರಿ, ಅದು ಇನ್ನೂ ಮುಗಿದಿಲ್ಲ" ಅಂದೆ. ಅಜ್ಜಿ ಗಂಟಿನ ಮೇಲೆ ಕೈಯಿಟ್ಟಳು. "ಉಡಿಗೆ ಬಿದ್ದಿದ್ದನ್ನ ವಾಪಸ್ ತೆಗೀತಾರೇನಪ್ಪ? ಹೆಣ್ಣುಮಗಳ ಬಾಳು ಅದು. ನಿನ್ನ ಮಿಷನ್ನು ಬ್ಯಾಡ, ಏನೂ ಬ್ಯಾಡ." ಟೆಂಪೋ ಹಾರ್ನ್ ಹೊಡೆಯಿತು. ಅತ್ತೆ ಹರಿಹರಕ್ಕೆ ಹೋದಳು.

ಆ ದೀಪಾವಳಿಗೆ ತಾತ ಇರಲಿಲ್ಲ. ತಾತ ತೀರಿಕೊಂಡ ಹನ್ನೊಂದನೇ ದಿನ ಅತ್ತೆ ಎಲ್ಲರೆದುರು ಹೇಳಿದ್ದು ನನಗೆ ನೆನಪಿದೆ. "ಪ್ಲೇಯರಿಗೆ ಹಾಕಿ ನೋಡಿದ್ರೆ ಡಿಸ್ಕು ಖಾಲಿ. ನಮ್ಮಪ್ಪ ಮಾತಾಡಾಗ ಈತ ಆನ್ ಮಾಡಿರಲೇ ಇಲ್ಲ. ಸುಮ್ನೆ ಕಣ್ಣಿಗೆ ಹಚ್ಚಿಕೊಂಡು ನಿಂತಿದ್ದ." ಡಿಸ್ಕು ಕೊಟ್ಟರೆ ತೋರಿಸುತ್ತೇನೆ ಅಂದೆ ನೀನು. ಖಾಲಿ ಡಿಸ್ಕಿಗೆ ಇನ್ನೇನೋ ತುಂಬಿ ತರುತ್ತೀಯ ಅಂದರು. ಮುಗಿಯದಿದ್ದ ಡಿಸ್ಕನ್ನು ಹಾಗಾದರೆ ತೆಗೆದವರ‍್ಯಾರು ಎಂದು ಯಾರೋ ಕೇಳಿದರು. ನೀನು ಬಾಗಿಲ ಹತ್ತಿರ ನಿಂತಿದ್ದ ನನ್ನನ್ನು ನೋಡಿದೆ. ಚಪ್ಪಲಿ ಮೆಟ್ಟಿಕೊಂಡು ಹೋದೆ. ಅಮ್ಮ ಕೂಡ ತಡೆಯಲಿಲ್ಲ. ನೀನು ನನ್ನನ್ನು ಯಾಕೆ ನೋಡಿದೆ ಅಂತ ನನಗೆ ಮೊನ್ನೆ ಸೋಮವಾರ ತಿಳಿಯಿತು.

ನಿನ್ನೆ ಕ್ಲಾಸ್ ಬಿಟ್ಟು ಹರಿಹರಕ್ಕೆ ಹೋಗಿದ್ದೆ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡದ್ದೆಲ್ಲ ಅತ್ತೆಯ ಮುಖ ನೋಡಿದ್ದೇ ಮರೆತುಹೋಗಿ, ಮ್ಯಾನ್ಯುಯಲ್‌ನ ಆ ಪುಟವನ್ನು ತೆಗೆದು ಓದಿ ಹೇಳಿದೆ. ಆಮೇಲೆ ಡಿಸ್ಕು ತೆಗೆದದ್ದು ನಾನು ಅಂತಲೂ ಹೇಳಿದೆ. ಅತ್ತೆ ಒಳಗೆ ಹೋಗಿ ಒಂದು ಸ್ಟೀಲ್ ಡಬ್ಬಿ ತಂದಳು. ಉಡಿಯ ಹಸಿರು ಬಳೆ, ಒಣಗಿದ ಅರಿಶಿನದ ಕೊಂಬು, ಕರ್ಚೀಫಿನಲ್ಲಿ ಸುತ್ತಿದ ಡಿಸ್ಕು. ಖಾಲಿ ಅಂದುಕೊಂಡೂ ಯಾಕೆ ಇಟ್ಟುಕೊಂಡಿದ್ದಿ ಎಂದು ಕೇಳಿದೆ.

"ಉಡಿಯಾಗ ಬಂದಿದ್ದು. ಹೆಂಗೆ ಒಗೀಲಿ?"

ಡಿಸ್ಕನ್ನು ಮತ್ತೆ ಕರ್ಚೀಫಿನಲ್ಲಿ ಸುತ್ತುತ್ತ, ಆತ ಆಗಲೇ ಯಾಕ ಹೇಳಲಿಲ್ಲ ಅಂದಳು. ಹೇಳಿದ್ದ, ನೀವು ಯಾರೂ ಕೇಳಲಿಲ್ಲ ಎನ್ನುವುದು ನನ್ನ ಬಾಯಿಗೆ ಬಂದು ನಿಂತಿತು. ಹೇಳಬೇಕಾಗಲಿಲ್ಲ. ಅವಳೇ ತಲೆ ತಗ್ಗಿಸಿದಳು. ಡಿಸ್ಕಿಗೆ ಕೈ ಚಾಚಿದೆ, ಕೊಡಲಿಲ್ಲ. "ನಾನೇ ತರ್ತೀನಿ. ನೀನು ಮನೆ ತೋರಿಸು ಸಾಕು."

ಅದಕ್ಕೇ ಭಾನುವಾರ ಮಾವ. ಆಗಿನಿಂದ ನನಗೆ ಒಂದೇ ಸಮ ಭಯ. ನಿನ್ನ ಕ್ಯಾಮೆರಾವೇ ಬೇಕು, ಬೇರೆಯದು ಓದದೇ ಹೋಗಬಹುದು ಎಂದು ಸರ್ ಹೇಳುತ್ತಾರೆ. ಚಾರ್ಜರ್ ಇದೆಯಾ? ಹದಿಮೂರು ವರ್ಷದಲ್ಲಿ ಡಿಸ್ಕಿಗೆ ಬೂಷ್ಟು ಹಿಡಿದಿದ್ದರೆ? ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಲಾ ಎಂದು ಕ್ಯಾಮೆರಾ ಕೇಳಿದರೆ ಯಾರೂ ಏನನ್ನೂ ಒತ್ತಬಾರದು. ತಾತ ಏನು ಹೇಳಿದರೆಂದು ಮನೆಯಲ್ಲಿ ಒಬ್ಬೊಬ್ಬರೂ ಒಂದೊಂದು ಹೇಳುತ್ತಾರೆ. ಅತ್ತೆಗೇ ಈಗ ಸರಿಯಾಗಿ ನೆನಪಿಲ್ಲವಂತೆ.

ಕ್ಯಾಮೆರಾ ಹೋಗಿದ್ದರೂ ನಾವು ಬರುತ್ತೇವೆ. ಅದನ್ನೂ ಅತ್ತೆಯನ್ನು ಕೇಳಿದೆ: ಅಲ್ಲಿ ಏನೂ ಕಾಣಿಸದಿದ್ದರೆ? ಸೆರಗು ಸರಿಮಾಡಿಕೊಳ್ಳುತ್ತ ಅವಳು, "ನಾನು ಅದನ್ನ ನೋಡಾಕ ಬರ್ತಿಲ್ಲ ಕಣೆ" ಅಂದಳು.

ಹತ್ತು ಗಂಟೆಯ ಹೊತ್ತಿಗೆ ಬರುತ್ತೇವೆ. ಮಿಕ್ಸಿಯ ಪ್ಲಗ್ ಕಿತ್ತಿಡು. ನಿನ್ನ ಮನೆಯ ಕರೆಂಟು ಅವತ್ತೊಂದು ದಿನ ಹೋಗದಿರಲಿ.

ಮುಗಿಯುವ ಮೊದಲೇ ಮುಚ್ಚಳ ತೆಗೆದವಳು,
ನಿನ್ನ ಸಹನಾ