ಮನೆಯೊಳಗಿನ ಕಕ್ಕಸು

ಗೌಡಗೆರೆ
೧೨-೨-೧೯೮೪

ಮಗಳು ಜುಂಜಮ್ಮನಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ, ನಿನ್ನಮ್ಮನ ಮಂಡಿಯೊಂದನ್ನು ಬಿಟ್ಟು. ಕೊಡಿಗೇನಹಳ್ಳಿಯಿಂದ ನೀನು ಬರೆದ ಎರಡು ಕಾಗದಕ್ಕೂ ಉತ್ತರ ಹಾಕಲಿಲ್ಲ, ಬಯ್ದುಕೋ. ಮೂವತ್ತಮೂರು ವರ್ಷ ತಡವಾಗಿ ಬಂದ ಮಕ್ಕಳಿಗೆಲ್ಲ ಬೆತ್ತ ತೋರಿಸಿದ ಮೇಷ್ಟ್ರು ಈಗ ತಾವೇ ತಡವಾದರು. ರಿಟೈರಾದ ಮೇಲೆ ಬೇಕಾದಷ್ಟು ಬಿಡುವು ಎನ್ನುವವರು ಮನೆ ಕಟ್ಟಿಸಿ ನೋಡಿಲ್ಲ.

ಮನೆ ಮುಗಿಯುತ್ತ ಬಂತು. ಹಟ್ಟಿಯ ಸುತ್ತಲ ಮುಳ್ಳುಬೇಲಿಯಿಂದಾಚೆ, ಸ್ಕೂಲಿನ ದಾರಿಯಲ್ಲಿ, ಎರಡು ಕೋಣೆ. ಮುದುಕರಿಗೆಂದೇ ಕಟ್ಟಿಸಿದ್ದು. ಬಾಗಿಲಿಗೆ ಮೆಟ್ಟಿಲಿಲ್ಲ, ಇಳಿಜಾರು ಮಾಡಿಸಿದ್ದೇನೆ. ಕಾಲು ಜಾರದಂತೆ ನೆಲಕ್ಕೆ ಒರಟು ಚಪ್ಪಡಿ. ಬಚ್ಚಲ ಗೋಡೆಗೆ ಹಿಡಿದುಕೊಂಡು ಏಳಲು ಕಬ್ಬಿಣದ ಪೈಪು ಬೇರೆ! ಕದಿರಯ್ಯ ಮೇಸ್ತ್ರಿ ನಗುತ್ತಾನೆ: "ಮೇಷ್ಟ್ರೇ, ನೀವಿನ್ನೂ ಸೈಕಲ್ ತುಳೀತೀರ. ಮುದುಕ್ರಾಗಕ್ಕೆ ಇದ್ಯಾಕೆ ಇಂಗೆ ಆತುರ?" ನಿನ್ನಮ್ಮ ಒಳಗಿಂದಲೇ ಕೂಗಿದಳು: "ಅವರು ತುಳೀತಾರೆ, ನನ್ನ ಮಂಡಿ ತುಳಿಯಾಕಿಲ್ಲ ಕಣಪ್ಪ!"

ಜಗಳ ಹತ್ತಿದ್ದು ಕಕ್ಕಸಿನ ವಿಷಯಕ್ಕೆ. ಅದು ಮನೆಯೊಳಗೇ, ಬಚ್ಚಲ ಪಕ್ಕದಲ್ಲೇ ಆಗಬೇಕೆಂದು ನಿನ್ನಮ್ಮನ ಹಟ. ನಿನ್ನ ದೊಡ್ಡಪ್ಪ ಅಂಜನಪ್ಪ ಹಟ್ಟಿಯ ಪೂಜಾರಿ, ಅವನ ಮಡಿ ನಿನಗೆ ಗೊತ್ತಲ್ಲ. ಕೇಳಿದವನೇ ಧಡಕ್ಕನೆ ಎದ್ದ. "ಲೇ ಕ್ಯಾತ, ದೇವರ ಗೂಡು, ಒಲೆ, ಕಕ್ಕಸು ಎಲ್ಲಾ ಒಂದೇ ಸೂರಿನಾಗಾ? ಅಂಗೇನಾದ್ರೂ ಮಾಡಿದ್ರೆ ಆ ಮನೆಗೆ ಕಾಲಿಡಾಕಿಲ್ಲ, ನೀರೂ ಮುಟ್ಟಾಕಿಲ್ಲ ಕಣ್ಲಾ" ಎಂದ. ಅಪ್ಪ ಸತ್ತ ಮೇಲೆ ತಾನು ಕುರಿ ಕಾದು ನನ್ನನ್ನು ಓದಿಸಿದವನು ಅವನು. ಅವನಿಲ್ಲದ ಗೃಹಪ್ರವೇಶ ನನಗೆ ಯಾತಕ್ಕೆ? ಮೇಸ್ತ್ರಿಗೆ ಹೇಳಿ ಹಿತ್ತಲ ಮೂಲೆಯಲ್ಲಿ ಗುಂಡಿ ತೆಗೆಸಿದೆ.

ಮಾರನೆಯ ದಿನ ಹೋಗಿ ನೋಡಿದರೆ ನಿನ್ನಮ್ಮ ಆ ಗುಂಡಿಗೆ ಮಣ್ಣು ಎಳೆಯುತ್ತಿದ್ದಾಳೆ! ಅದೂ ಆ ಕುಂಟುಕಾಲಲ್ಲಿ. ನನಗೆ ಎಲ್ಲಿಲ್ಲದ ಕೋಪ ಬಂತು. "ಇಪ್ಪತ್ತೇ ಹೆಜ್ಜೆ ಕಣೇ, ನಾನೇ ಕರ್ಕೊಂಡು ಹೋಗ್ತೀನಿ" ಎಂದು ಗದರಿದೆ. ಅವಳು ಸನಿಕೆ ಕೆಳಗಿಟ್ಟು ನನ್ನ ಮುಖ ನೋಡಿದಳು. ಅಪ್ಪನಾದವನು ಮಗಳಿಗೆ ಬರೆಯಬಾರದ ಮಾತು, ಆದರೂ ಬರೆಯುತ್ತೇನೆ. "ಮೇಷ್ಟ್ರೇ, ಮುಟ್ಟು ಅಂತ ತಿಂಗಳು ತಿಂಗಳೂ ಬೇಲಿ ಆಚೆ ಕುಂತೆ. ಮಳೆ ಅನ್ನಲಿಲ್ಲ, ಚಳಿ ಅನ್ನಲಿಲ್ಲ. ಈಗ ಅದೆಲ್ಲಾ ನಿಂತೋಗೈತೆ. ಇನ್ನು ಸಾಯೋಗಂಟ ಒಳಗಿರ್ತೀನಿ, ಬುಡಿ" ಎಂದಳು.

ನಾನು ಮೇಸ್ತ್ರಿಯನ್ನು ಕರೆದೆ. ಕಕ್ಕಸು ಈಗ ಅವಳ ಮಂಚದಿಂದ ಆರು ಹೆಜ್ಜೆ. ಅಣ್ಣನಿಗೆ ನಾನೇ ಹೋಗಿ ಹೇಳಿದೆ. ಅವನು ತಲೆಯೆತ್ತಲಿಲ್ಲ, ಕುರಿಮರಿಗೆ ಸೊಪ್ಪು ಹಾಕುತ್ತಲೇ ಇದ್ದ. ಅವನು ಬರುವುದಿಲ್ಲ ಮಗಳೇ. ನನಗೆ ತುಂಬ ಸಂಕಟವಾಗಿದೆ.

ಗೃಹಪ್ರವೇಶ ಇದೇ ಇಪ್ಪತ್ತನಾಲ್ಕು, ಶುಕ್ರವಾರ. ನಿಮ್ಮ ಅತ್ತೆ ಮನೆಯವರು ಬಂದರೆ ಸಂತೋಷ. ದೊಡ್ಡಪ್ಪನ ಮಾತು ಕೇಳಿ ಹಿಂದೆಮುಂದೆ ನೋಡಿದರೆ ಬಲವಂತ ಬೇಡ. ನೀನು ಮಾತ್ರ ಎರಡು ದಿನ ಮೊದಲೇ ಬಾ. ಹಾಲು ಉಕ್ಕಿಸುವಾಗ ನಿನ್ನಮ್ಮನ ಪಕ್ಕದಲ್ಲಿ ನಮ್ಮವರೆಂದು ಒಬ್ಬರಾದರೂ ಇರಲಿ. ನಿನ್ನ ಮನೆ, ಮಕ್ಕಳು ತಣ್ಣಗಿರಲಿ.

ಇತಿ ನಿನ್ನ ಅಪ್ಪ,
ಕ್ಯಾತಪ್ಪ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ನಿನಗಿಂತ ಮೊದಲು ನಮಗೊಬ್ಬ ಮಗ ಹುಟ್ಟಿದ್ದ. ಜ್ವರ ಬಂದು ಹೋದ ಎಂದು ಹಟ್ಟಿಯಲ್ಲಿ ಕೇಳಿರುತ್ತೀಯ. ಜ್ವರವಲ್ಲ. ಬೇಲಿಯಾಚೆಯ ಬಾಣಂತಿ ಗುಡಿಸಲಲ್ಲಿ, ಸೂತಕದ ಏಳನೆಯ ದಿನ, ಹಾಡುಹಗಲಲ್ಲೇ ಜಡಿಮಳೆ ಹಿಡಿಯಿತು. ಗುಡಿಸಲು ಸೋರುತ್ತಿದೆ, ಕೂಸು ತಣ್ಣಗಾಗುತ್ತಿದೆ, ಮನೆಯೊಳಕ್ಕೆ ಎತ್ತಿಕೊಂಡು ಹೋಗು ಎಂದು ನಿನ್ನಮ್ಮ ನನ್ನನ್ನು ಕೂಗಿದಳು. ನಾನು ಆಗಲೇ ಮೇಷ್ಟ್ರಾಗಿದ್ದೆ, ಎಲ್ಲ ತಿಳಿದವನು. ಕಂಬಳಿ ಹೊದ್ದು ಬೇಲಿಯ ಈಚೆ ನಿಂತಿದ್ದೆ. ದಾಟಲಿಲ್ಲ. ಇವತ್ತಿನವರೆಗೂ ಅವಳು ಅದನ್ನು ಒಂದು ಸಲವೂ ಎತ್ತಿ ಆಡಿಲ್ಲ. ಆಡಿಬಿಟ್ಟಿದ್ದರೆ ಚೆನ್ನಾಗಿತ್ತು.